ಮದುವೆ ದಿನ ಕಾಲು ನೋಯದ ಹಾಗೆ ಏನು ಮಾಡುತ್ತೀರಿ?

ಕೇಳಿದವರು: ಮುಂದಿನ ತಿಂಗಳು ಅಕ್ಕನ ಮದುವೆ. ಬೆಳಗ್ಗೆಯಿಂದ ರಾತ್ರಿವರೆಗೂ ನಿಂತೇ ಇರಬೇಕು, ಓಡಾಡುತ್ತಲೇ ಇರಬೇಕು. ಹೊಸ ಹೀಲ್ಸ್ ತಗೊಂಡಿದ್ದೇನೆ, ಸುಮಾರು 3 ಇಂಚು. ಅಂಗಡಿಯಲ್ಲಿ ಚೆನ್ನಾಗಿಯೇ ಇತ್ತು. ಮನೆಯಲ್ಲಿ ಅರ್ಧ ಗಂಟೆಗೇ ಹಿಮ್ಮಡಿ ಉಜ್ಜುತ್ತಿದೆ, ಮುಂಗಾಲು ಉರಿಯುತ್ತಿದೆ. ಅದನ್ನೇ ಹಾಕಬೇಕು ಅಂತ ಆಸೆ. ಅನುಭವ ಇರುವವರು ಹೇಳಿ.

ಉತ್ತರ: ಇಲ್ಲಿರುವುದು ಎರಡು ತೊಂದರೆ, ಎರಡಕ್ಕೂ ಮದ್ದು ಬೇರೆ. ಹಿಮ್ಮಡಿ ಉಜ್ಜುತ್ತಿದೆ ಅಂದರೆ ನಡೆಯುವಾಗ ಕಾಲು ಶೂ ಒಳಗೆ ಮೇಲೆ ಕೆಳಗೆ ಜಾರುತ್ತಿರಬೇಕು. ಒಳಗಡೆ ಹಿಂಭಾಗಕ್ಕೆ ಅಂಟಿಸುವ ಮೆತ್ತನೆ ಪಟ್ಟಿ ಸಿಗುತ್ತದೆ, ಹೀಲ್ ಗ್ರಿಪ್ ಅಂತ ಕೇಳಿ. ಅದರ ಜೊತೆ ಚರ್ಮಕ್ಕೂ ಪೇಪರ್ ಟೇಪ್ ಹಚ್ಚಿ. ಔಷಧಿ ಅಂಗಡಿಯಲ್ಲಿ ಸಿಗುವ ಬಿಳಿ ಟೇಪ್ ಇರುತ್ತದಲ್ಲ, ಅದೇ. ಬೊಬ್ಬೆ ಎದ್ದ ಮೇಲೆ ಹಚ್ಚುವುದಲ್ಲ. ಬೆಳಗ್ಗೆ ಶೂ ಹಾಕುವ ಮೊದಲೇ, ಒಣಗಿದ ಕಾಲಿಗೆ ಹಚ್ಚಬೇಕು. ಸುಕ್ಕು ಮಾತ್ರ ಇರಬಾರದು, ಆಮೇಲೆ ಆ ಸುಕ್ಕೇ ಉಜ್ಜುತ್ತದೆ.

ಮುಂಗಾಲಿನ ಉರಿ ಎತ್ತರದಿಂದ ಬರುವುದು. ಹಿಮ್ಮಡಿ ಮೇಲೆದ್ದಷ್ಟೂ ಮೈ ಭಾರ ಬೆರಳ ಬುಡಕ್ಕೆ ಬೀಳುತ್ತದೆ. ಇದಕ್ಕೆ ಮೆಟಟಾರ್ಸಲ್ ಪ್ಯಾಡ್ ಅಂತ ಚಿಕ್ಕ ಉಬ್ಬು ಪ್ಯಾಡ್ ಇದೆ. ತುಂಬ ಜನ ಅದನ್ನು ಉರಿಯುವ ಜಾಗದ ಕೆಳಗೇ ಇಡುತ್ತಾರೆ, ಆಗ ನೋವು ಇನ್ನೂ ಜಾಸ್ತಿ. ಇಡಬೇಕಾದ್ದು ಅದಕ್ಕಿಂತ ಸ್ವಲ್ಪ ಹಿಂದೆ. ಒಂದೆರಡು ಸಲ ಸರಿಸಿ ನೋಡಿ, ಸರಿಯಾದ ಜಾಗ ಕಾಲಿಗೇ ಗೊತ್ತಾಗುತ್ತದೆ. ಶೂ ಈಗಾಗಲೇ ಬಿಗಿ ಇದ್ದರೆ ಪ್ಯಾಡಿನ ಗೋಜಿಗೆ ಹೋಗಬೇಡಿ.

ಉತ್ತರ: ಅಂಗಡಿಗೆ ಹೋಗಿದ್ದು ಬೆಳಗ್ಗೆಯಾ? ಸಂಜೆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಶೂ ನೋಡಬೇಕಾದ್ದು ಆಗ. ಎರಡು ಪಾದ ಒಂದೇ ಅಳತೆ ಇರುವುದೂ ಕಡಿಮೆ, ದೊಡ್ಡ ಪಾದಕ್ಕೆ ಸರಿಹೋಗುವುದನ್ನೇ ತಗೋಬೇಕು. ನಿಮ್ಮದು ಚರ್ಮದ್ದಾದರೆ ದಪ್ಪ ಸಾಕ್ಸ್ ಮೇಲೆ ಹಾಕಿಕೊಂಡು ದಿನಾ ಸ್ವಲ್ಪ ಹೊತ್ತು ಮನೆಯಲ್ಲೇ ಓಡಾಡಿ. ನಿಧಾನಕ್ಕೆ ಹಿಗ್ಗುತ್ತದೆ.

ಉತ್ತರ: ಸುಲಭದ ದಾರಿ, ಹಿಮ್ಮಡಿಗೆ ವ್ಯಾಸಲೀನ್ ಸವರಿ. ಜಾರುತ್ತದೆ, ಉಜ್ಜಲ್ಲ.

ಇನ್ನೊಬ್ಬರು: ಮೊದಲ ಸ್ವಲ್ಪ ಹೊತ್ತು ಸರಿ. ಅದು ಒರೆಸಿಹೋದ ಮೇಲೆ ಮತ್ತೆ ಮತ್ತೆ ಸವರಬೇಕು, ಮದುವೆ ಗಡಿಬಿಡಿಯಲ್ಲಿ ಅದೆಲ್ಲ ಆಗುತ್ತದಾ? ಅದನ್ನು ಸವರಿದ ಮೇಲೆ ಟೇಪೂ ಅಂಟಲ್ಲ. ಎರಡರಲ್ಲಿ ಒಂದು ಆರಿಸಿಕೊಳ್ಳಿ. ಮರಗಟ್ಟಿಸುವ ಸ್ಪ್ರೇ ಹೊಡೆದುಕೊಳ್ಳಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ನೋವೇ ಗೊತ್ತಾಗದಿದ್ದರೆ ಕಾಲು ಸುಲಿಯುವವರೆಗೂ ನಡೆಯುತ್ತೀರಿ.

ಉತ್ತರ: ಮದುವೆ ಫೋಟೋ ತೆಗೆಯುವುದೇ ನನ್ನ ಕೆಲಸ. ಬಟ್ಟೆ ಉದ್ದ ಇದ್ದರೆ ಹೀಲ್ಸ್ ಹೆಚ್ಚಿನ ಫೋಟೋದಲ್ಲಿ ಕಾಣುವುದೇ ಇಲ್ಲ, ನಿಜ ಹೇಳಬೇಕಂದ್ರೆ. ಎರಡನೇ ಜೋಡಿ ಇಟ್ಟುಕೊಳ್ಳಿ. ಆದರೆ ಪೂರ್ತಿ ಚಪ್ಪಟೆ ಬೇಡ. ಹೀಲ್ಸ್ ಎತ್ತರಕ್ಕೆ ಹೊಲಿಸಿದ ಬಟ್ಟೆ ಆಗ ನೆಲಕ್ಕೆ ಎಳೆಯುತ್ತದೆ, ಎಡವುತ್ತೀರಿ. ಹೆಚ್ಚು ಕಡಿಮೆ ಅದೇ ಎತ್ತರದ ವೆಡ್ಜ್, ಅಂದರೆ ಹಿಮ್ಮಡಿಯಿಂದ ಮುಂದಿನವರೆಗೂ ಅಡಿ ತುಂಬಿಕೊಂಡಿರುವ ಶೂ, ಇದ್ದರೆ ಒಳ್ಳೆಯದು. ಹುಲ್ಲಿನ ಮೇಲೆ ಚೂಪು ಹೀಲ್ ಹೂತುಹೋಗುತ್ತದೆ, ಅಲ್ಲಂತೂ ವೆಡ್ಜೇ ಗತಿ. ಹೊಸ ಶೂ ಅಡಿ ನುಣ್ಣಗಿದ್ದರೆ ಜಾರದ ಹಾಗೆ ಸ್ಯಾಂಡ್ ಪೇಪರಿನಿಂದ ಸ್ವಲ್ಪ ತರಿ ಮಾಡಿ.

ಗಂಡಸರೂ ಇದೇ ಪಾಡು ಪಡುತ್ತಾರೆ, ಯಾರೂ ಬಾಯಿಬಿಡಲ್ಲ ಅಷ್ಟೇ. ಹೊಸ ಲೆದರ್ ಶೂ, ತೆಳು ಕಾಟನ್ ಸಾಕ್ಸ್, ಮೇಲೆ ಬೆವರು. ಒದ್ದೆ ಚರ್ಮಕ್ಕೆ ಬೊಬ್ಬೆ ಬೇಗ ಏಳುತ್ತದೆ. ಜೇಬಲ್ಲಿ ಇನ್ನೊಂದು ಜೊತೆ ಸಾಕ್ಸ್ ಇರಲಿ.

ಉತ್ತರ: ಹೆಚ್ಚು ಸುಸ್ತು ಮಾಡುವುದು ನಡಿಗೆಯಲ್ಲ, ಒಂದೇ ಕಡೆ ನಿಲ್ಲುವುದು. ನಡೆದರೆ ಮೀನಖಂಡ ರಕ್ತವನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಸುಮ್ನೆ ನಿಂತರೆ ಅದು ನಿಧಾನವಾಗುತ್ತದೆ, ಕಾಲು ಊದಿಕೊಳ್ಳುತ್ತದೆ. ಸಾಲಲ್ಲಿ ನಿಂತಿರುವಾಗ ಹಿಮ್ಮಡಿ ಎತ್ತಿ ಇಳಿಸುತ್ತಿರಿ, ಭಾರ ಕಾಲಿಂದ ಕಾಲಿಗೆ ಬದಲಾಯಿಸಿ. ಕುರ್ಚಿ ಸಿಕ್ಕಾಗ ಕೂತುಬಿಡಿ, ನಾಚಿಕೆ ಬೇಡ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಶೂ ಚರ್ಮದ್ದಲ್ಲ, ಸಿಂಥೆಟಿಕ್. ಹಿಂದಿನ ದಿನ ಪೆಡಿಕ್ಯೂರ್ ಮಾಡಿಸಬಹುದಾ?

ಉತ್ತರ: ಸಿಂಥೆಟಿಕ್ ಅಷ್ಟಾಗಿ ಹಿಗ್ಗಲ್ಲ. ಅರ್ಧ ಗಂಟೆಗೇ ಹೀಗಾದರೆ ಆ ಶೂ ಫೋಟೋಗಷ್ಟೇ ಇರಲಿ, ಉಳಿದ ಹೊತ್ತಿಗೆ ದಪ್ಪ ಹಿಮ್ಮಡಿಯದು ಬೇರೆ ನೋಡಿ. ಪೆಡಿಕ್ಯೂರ್ ಕೆಲವು ದಿನ ಮೊದಲೇ ಮುಗಿಸಿ. ಹಿಮ್ಮಡಿಯ ಗಟ್ಟಿ ಚರ್ಮ ಪೂರ್ತಿ ಕೆರೆಸಬೇಡಿ, ನಿಮ್ಮನ್ನು ಕಾಯುವುದು ಅದೇ. ಉಗುರು ನೇರವಾಗಿ ಕತ್ತರಿಸಿ.

ಇನ್ನೊಬ್ಬರು: ಅಷ್ಟಾದರೂ ಬೊಬ್ಬೆ ಎದ್ದರೆ ಒಡೆಯಬೇಡಿ, ಮೇಲೆ ಪ್ಲಾಸ್ಟರ್ ಹಾಕಿ. ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವ ಹಿರಿಯರಿದ್ದರೆ ಅವತ್ತು ಅವರಿಗೆ ಹಳೇ ಚಪ್ಪಲಿಯನ್ನೇ ಕೊಡಿ, ರಾತ್ರಿ ಪಾದ ನೋಡಿ. ಗಾಯ ಆಗಿದ್ದೇ ಅವರಿಗೆ ಗೊತ್ತಾಗದಿರಬಹುದು.