ಕೃಷ್ಣಾ ಹೊಳೆ ಏರುತ್ತಿದೆ ಅಂತ ಮೆಸೇಜ್: ಯಾವುದನ್ನು ನಂಬಬೇಕು?

ಪ್ರಶ್ನೆ (ಬೆಂಗಳೂರಿನಿಂದ ಮಗಳು):
ಅಪ್ಪ ಅಮ್ಮ ಜಮಖಂಡಿ ತಾಲೂಕಿನ ಹಳ್ಳಿಯಲ್ಲಿದ್ದಾರೆ. ಹೊಲ ಹೊಳೆಗೆ ಹತ್ತಿಕೊಂಡೇ ಇದೆ. ನಿನ್ನೆಯಿಂದ ವಾಟ್ಸಾಪ್‌ನಲ್ಲಿ ‘ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಗೇಟ್ ತೆಗೆದರು’ ಅಂತ ವಿಡಿಯೋ ಮೇಲೆ ವಿಡಿಯೋ. ಅಪ್ಪ ಮಾತ್ರ ‘ಇಲ್ಲಿ ಬಿಸಿಲಿದೆ, ಸುಮ್ನೆ ಹೆದರಬೇಡ’ ಅನ್ನುತ್ತಾರೆ. ಏನು ಮಾಡಲಿ?

ರಾಯಬಾಗ ಕಡೆಯ ರೈತ:
ತಂಗಿ, ಬಿಸಿಲನ್ನು ನಂಬಬೇಡಿ. ನಮ್ಮಲ್ಲಿ ಹೊಳೆ ಬರುವುದು ನಮ್ಮ ಮಳೆಗಲ್ಲ. ಮಹಾಬಳೇಶ್ವರ, ನವಜಾ, ಕೊಯ್ನಾ ಕಡೆ ಸುರಿದದ್ದು ಒಂದೆರಡು ದಿನ ಬಿಟ್ಟು ನಮ್ಮ ಹೊಲಕ್ಕೆ ಬರುತ್ತದೆ. 2019ರ ಆಗಸ್ಟ್‌ನಲ್ಲಿ ನಮ್ಮ ಕಡೆ ಎಷ್ಟು ಊರು ಮುಳುಗಿದವು ಅಂತ ಅಪ್ಪನಿಗೆ ನೆನಪಿರಬೇಕು.

ಕೊಯ್ನಾ ಒಂದನ್ನೇ ನೋಡಿದರೂ ಸಾಲದು. ವಾರಣಾ ಅಣೆಕಟ್ಟೂ ಇದೆ. ರಾಧಾನಗರಿ ಅಣೆಕಟ್ಟು ತುಂಬಿದರೆ ಅದರ ಗೇಟ್ ತಾವೇ ತೆರೆದುಕೊಳ್ಳುತ್ತವೆ, ಆ ನೀರು ಪಂಚಗಂಗೆಗೆ ಬಂದು ಕೃಷ್ಣೆ ಸೇರುತ್ತದೆ. ಹಾಗಾಗಿ ನಾನು ನೋಡುವುದು ಗಡಿಯಾಚೆ ಮಹಾರಾಷ್ಟ್ರದಲ್ಲಿ ಕೃಷ್ಣೆಗೆ ಕಟ್ಟಿರುವ ರಾಜಾಪುರ ಬ್ಯಾರೇಜಿನಿಂದ ಎಷ್ಟು ಕ್ಯೂಸೆಕ್ ನೀರು ಬರುತ್ತಿದೆ ಅನ್ನುವ ಲೆಕ್ಕ. ಅದಕ್ಕೆ ದೂಧಗಂಗೆ ನದಿಯ ನೀರು ಕೂಡಿಸಿದರೆ ನಮ್ಮ ಕಡೆಯ ಕಲ್ಲೋಳದಲ್ಲಿ ಹೊಳೆಗೆ ಎಷ್ಟು ನೀರು ಅಂತ ಗೊತ್ತಾಗುತ್ತದೆ. ನಿಮಗೆ ಹಿಪ್ಪರಗಿ ಬ್ಯಾರೇಜು ಮತ್ತು ಅದರ ಕೆಳಗಿನ ಆಲಮಟ್ಟಿ ಅಣೆಕಟ್ಟಿನ ಲೆಕ್ಕವೂ ಬೇಕು. ಆಲಮಟ್ಟಿಗೆ ಒಳಹರಿವು ಜಾಸ್ತಿ, ಹೊರಹರಿವು ಕಡಿಮೆ ಇದ್ದರೆ ಹಿನ್ನೀರು ನಿಮ್ಮ ಕಡೆ ಏರುತ್ತದೆ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಲಕ್ಷ ಕ್ಯೂಸೆಕ್ ಅಂದರೆ ಏನು ಅಂತ ನೀವೇ ಲೆಕ್ಕ ಹಾಕಿ.

ತಾರೀಖಿಲ್ಲದ ವಿಡಿಯೋ ಬಿಟ್ಟುಬಿಡಿ. ಹಳೆಯವೇ ಪ್ರತಿ ವರ್ಷ ಸುತ್ತುತ್ತವೆ. ಸತಾರಾ, ಕೊಲ್ಹಾಪುರ ಘಟ್ಟಕ್ಕೆ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟರೆ ಅದು ನಮಗೂ ಅಂತಲೇ ತಿಳಿಯಿರಿ. ಕಲ್ಲೋಳ-ಯಡೂರ ಸೇತುವೆ ಮುಳುಗಿತು ಅಂತ ಸುದ್ದಿ ಬಂದ ದಿನವೇ ನಾನು ಕಾಗದಪತ್ರ, ಕಾಳುಕಡಿ ಮೇಲಕ್ಕೆ ಸಾಗಿಸುತ್ತೇನೆ.

ಲೈನ್‌ಮ್ಯಾನ್ ಕೆಲಸ ಮಾಡುವವನು:
ಪಂಪ್‌ಸೆಟ್ ವಿಷಯ ಹೇಳಲೇಬೇಕು. ನೀರು ಏರುವಾಗ ಮೋಟಾರ್ ಎತ್ತಲು ದಂಡೆಗೆ ಓಡುತ್ತಾರೆ. ಕತ್ತಲು, ಕೆಸರು, ಒದ್ದೆ ಕೇಬಲ್. ಇದರಲ್ಲಿ ಜೀವ ಹೋಗುತ್ತದೆ. ಹೊಳೆ ಇನ್ನೂ ಕೆಳಗಿರುವಾಗ, ಹಗಲಲ್ಲಿ, ಲೈನ್ ಬಂದ್ ಮಾಡಿಸಿ ಎತ್ತಿ. ನೀರು ಮುಟ್ಟಿದ ಮೇಲೆ ಮೋಟಾರ್ ಆಸೆ ಬಿಡಿ. ಮುಳುಗಿದ ಸೇತುವೆ ಮೇಲೆ ಟ್ರ್ಯಾಕ್ಟರ್ ಓಡಿಸುವುದೂ ಬೇಡ. ಎರಡು ಅಡಿ ಹರಿಯುವ ನೀರು ಕಾರನ್ನೇ ತಳ್ಳಿಕೊಂಡು ಹೋಗುತ್ತದೆ.

ಬೆಂಗಳೂರಿನಿಂದ ಮಗಳು:
ಅಪ್ಪನಿಗೆ ರಾಜಾಪುರದ ಲೆಕ್ಕ ಹೇಳಿದೆ. ಮೋಟಾರ್ ನಾಳೆ ಬೆಳಿಗ್ಗೆ ಎತ್ತಿಸುತ್ತಾರಂತೆ. ಆದರೆ ಎಮ್ಮೆ ಬಿಟ್ಟು ಬರಲ್ಲ ಅಂತಾರೆ.

ರಾಯಬಾಗ ಕಡೆಯ ರೈತ:
ಯಾರೂ ಬಿಟ್ಟು ಬರಲ್ಲ. ಅದಕ್ಕೇ ಎಮ್ಮೆ ಮೊದಲು ಹೋಗಬೇಕು, ಮೇವಿನ ಸಮೇತ. ಎತ್ತರದಲ್ಲಿರುವ ನೆಂಟರ ಮನೆಗೆ ಇವತ್ತೇ ಫೋನ್ ಮಾಡಿ. ನೆರೆ ಬಂದವರಿಗೆ ಉಳಿಯಲು ಕಾಳಜಿ ಕೇಂದ್ರ ಎಲ್ಲಿ ತೆರೆಯುತ್ತಾರೆ, ದನಗಳಿಗೆ ಜಾಗ ಇದೆಯಾ ಅಂತ ಪಂಚಾಯಿತಿಯಲ್ಲಿ ಕೇಳಿ. ರಾತ್ರಿ ಸಿಕ್ಕಿಹಾಕಿಕೊಂಡರೆ 112 ಅಥವಾ ಜಿಲ್ಲೆಯ ಸಹಾಯವಾಣಿ 1077. ಮಳೆ ಮಾಹಿತಿಗೆ ವರುಣಮಿತ್ರ ಸಹಾಯವಾಣಿ ಇದೆ. ನಂಬರುಗಳನ್ನು ಅಮ್ಮನ ಫೋನಿಗೂ ಹಾಕಿಸಿ.