ನಡುವಿನ ರ‍್ಯಾಂಕಿನ ಖಾಸಗಿ ವಿಶ್ವವಿದ್ಯಾಲಯ: ‘ಹೆಸರಿದೆ’ ಅಂದರೆ ಯಾರ ಬಾಯಲ್ಲಿ?

ಕೇಳಿದವರು:

ತಮ್ಮನಿಗೆ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ. ರ‍್ಯಾಂಕಿಂಗ್ ಪಟ್ಟಿಯಲ್ಲಿ ತೀರಾ ಮೇಲೂ ಇಲ್ಲ, ತೀರಾ ಕೆಳಗೂ ಇಲ್ಲ. ಒಬ್ಬರು "ಒಳ್ಳೆ ಹೆಸರಿದೆ, ಕಣ್ಣು ಮುಚ್ಚಿ ಸೇರಿಸಿ" ಅನ್ನುತ್ತಾರೆ. ಇನ್ನೊಬ್ಬರು "ಯಾವುದದು, ಕೇಳೇ ಇಲ್ವಲ್ಲ" ಅನ್ನುತ್ತಾರೆ. ಇನ್ನೊಂದು ಚಿಕ್ಕ ಕಾಲೇಜಿನಲ್ಲೂ ಸೀಟಿದೆ, ಅಲ್ಲಿ ಶುಲ್ಕ ಅರ್ಧಕ್ಕಿಂತ ಕಡಿಮೆ. ಅಪ್ಪ ಅಮ್ಮ ಜಾಸ್ತಿ ಓದಿದವರಲ್ಲ, ಹಾಗಾಗಿ ತೀರ್ಮಾನ ನನ್ನ ತಲೆ ಮೇಲಿದೆ. ಎರಡು ವಾರ ಟೈಮ್ ಇದೆ. ಇಂಥ ಕಡೆ ಓದಿದವರು, ಪಾಠ ಮಾಡಿದವರು, ಇಲ್ಲಿಂದ ಬಂದವರನ್ನು ಕೆಲಸಕ್ಕೆ ತೆಗೆದುಕೊಂಡವರು ಇದ್ದರೆ ದಯವಿಟ್ಟು ಹೇಳಿ.

ಇಂಥದ್ದೇ ಕಡೆ ಓದಿದವರು:

ಅಕ್ಕ, ನಾನು ಓದಿದ್ದೂ ಇಂಥ ನಡುವಿನ ರ‍್ಯಾಂಕಿನ ಕಡೆಯೇ. ಹೊರಬಂದು ಏಳು ವರ್ಷವಾಯಿತು. ಸೇರುವಾಗ ನನ್ನ ಕಣ್ಣಿಗೆ ಬಿದ್ದಿದ್ದು ಒಂದೇ, ಬ್ರೋಶರ್ ಮೇಲೆ ದಪ್ಪ ಅಕ್ಷರದಲ್ಲಿದ್ದ ‘ಶೇ. 90 ಪ್ಲೇಸ್‌ಮೆಂಟ್’. ಆ 90 ಹೇಗೆ ಬಂತು ಅಂತ ಗೊತ್ತಾಗಿದ್ದು ಕೊನೆಯ ವರ್ಷದಲ್ಲಿ. ನಮ್ಮ ವಿಭಾಗದಲ್ಲಿ 200 ಜನ ಇದ್ದೆವು. ಬ್ಯಾಕ್‌ಲಾಗ್ ಇದ್ದವರನ್ನು, ಅಂಕ ಕಡಿಮೆ ಇದ್ದವರನ್ನು, ಮುಂದೆ ಓದುತ್ತೇವೆ ಅಂದವರನ್ನು ತೆಗೆದು ‘ಅರ್ಹರು’ ಅಂತ 80 ಜನರ ಪಟ್ಟಿ ಮಾಡಿದರು. ಅವರಲ್ಲಿ 72 ಜನರಿಗೆ ಕೆಲಸ ಸಿಕ್ಕಿತು. 80ಕ್ಕೆ 72 ಅಂದರೆ ಶೇ. 90, ತಪ್ಪೇನಿಲ್ಲ. 200ಕ್ಕೆ 72 ಅಂದರೆ ಶೇ. 36. ಯಾರೂ ಸುಳ್ಳು ಹೇಳಿಲ್ಲ ನೋಡಿ!

ಸಂಬಳದ ಕಥೆಯೂ ಹೀಗೇ. ಹತ್ತು ಜನರಲ್ಲಿ ಒಂಬತ್ತು ಜನರಿಗೆ ವರ್ಷಕ್ಕೆ 4 ಲಕ್ಷ, ಒಬ್ಬನಿಗೆ 44 ಲಕ್ಷ ಸಿಕ್ಕಿತು ಅಂದುಕೊಳ್ಳಿ. ಸರಾಸರಿ 8 ಆಗುತ್ತದೆ. ಆದರೆ 8 ಸಿಕ್ಕಿದವನು ಒಬ್ಬನೂ ಇಲ್ಲ. ಅದಕ್ಕೇ ಸರಾಸರಿ ಬೇಡ, ಮೀಡಿಯನ್ ಎಷ್ಟು ಅಂತ ಕೇಳಿ. ಎಲ್ಲರನ್ನೂ ಸಂಬಳದ ಸಾಲಿನಲ್ಲಿ ನಿಲ್ಲಿಸಿದರೆ ಮಧ್ಯದಲ್ಲಿ ನಿಂತವನಿಗೆ ಎಷ್ಟು ಅನ್ನೋದು ಅದು. ನಿಮ್ಮ ತಮ್ಮ 44ರ ಹುಡುಗ ಆಗಬಹುದು, ಆಗಲಿ. ಆದರೆ ಲೆಕ್ಕ ಹಾಕುವಾಗ ಮಧ್ಯದಲ್ಲಿ ನಿಂತವನನ್ನೇ ನೋಡಿ.

ನಾನು ಅಲ್ಲಿ ಓದಿದ್ದಕ್ಕೆ ಬೇಜಾರಿದೆಯಾ ಅಂದರೆ, ಇಲ್ಲ. ಇಬ್ಬರು ಮೇಷ್ಟ್ರು ಚಿನ್ನದಂಥವರು. ಉಳಿದವರ ಬಗ್ಗೆ ಮಾತಾಡದಿರೋದೇ ಒಳ್ಳೆಯದು.

ನೇಮಕಾತಿಯಲ್ಲಿರುವವರು:

ಮೇಡಂ, ಹದಿಮೂರು ವರ್ಷದಿಂದ ಹೊಸಬರನ್ನು ಸಂದರ್ಶನ ಮಾಡುತ್ತಿದ್ದೇನೆ. ‘ಹೆಸರಿದೆ’ ಅಂತ ಯಾರಾದರೂ ಅಂದರೆ ಮೊದಲು ಕೇಳಬೇಕಾದ್ದು ‘ಯಾರ ಹತ್ತಿರ?’ ಅಂತ. ನೆಂಟರ ಬಾಯಲ್ಲಿ ಇರುವ ಹೆಸರು ಬೇರೆ, ಸಂಶೋಧಕರ ನಡುವಿನ ಹೆಸರು ಬೇರೆ, ನಮ್ಮಂಥವರ ಹತ್ತಿರ ಇರುವ ಹೆಸರು ಬೇರೆ. ಒಂದಕ್ಕೊಂದು ಸಂಬಂಧವೇ ಇರೋದಿಲ್ಲ ಎಷ್ಟೋ ಸಲ.

ನಮ್ಮಲ್ಲಿ ನಡೆಯೋದು ಹೀಗೆ. ತುದಿಯ ಹತ್ತಿಪ್ಪತ್ತು ಹೆಸರು ಎಲ್ಲರಿಗೂ ಗೊತ್ತು. ಅದರ ಕೆಳಗೆ ಬಂದರೆ 60ನೆಯದ್ದೂ ಒಂದೇ, 110ನೆಯದ್ದೂ ಒಂದೇ. ರ‍್ಯಾಂಕ್ ನೋಡಿ ಅರ್ಜಿ ತೆಗೆದಿಟ್ಟಿದ್ದು ನನಗೆ ನೆನಪಿಲ್ಲ. ನೆನಪಿರೋದು ಮನುಷ್ಯರು. ಹಿಂದೆ ಅಲ್ಲಿಂದ ಬಂದ ಮೂವರು ಚೆನ್ನಾಗಿ ಕೆಲಸ ಮಾಡಿದ್ದರೆ ನಾಲ್ಕನೆಯವನ ಅರ್ಜಿ ಸುಮ್ಮನೆ ಮೇಲೆ ಬರುತ್ತದೆ. ಮಧ್ಯದ ರ‍್ಯಾಂಕಿನ ವಿಶ್ವವಿದ್ಯಾಲಯಕ್ಕೆ ಇರೋದು ಇಂಥ ಹೆಸರು. ಸುತ್ತಮುತ್ತಲ ಕೆಲವು ಕಂಪನಿಗಳಲ್ಲಿ, ಕೆಲವು ವಿಭಾಗಗಳಿಗೆ ಮಾತ್ರ. ದೂರ ಹೋದರೆ ಗೊತ್ತಿರೋದಿಲ್ಲ.

ಇದನ್ನು ನೀವೇ ಪರೀಕ್ಷೆ ಮಾಡಬಹುದು. ಲಿಂಕ್ಡ್‌ಇನ್‌ನಲ್ಲಿ ಆ ವಿಶ್ವವಿದ್ಯಾಲಯದ ಪುಟಕ್ಕೆ ಹೋಗಿ ಹಳೆ ವಿದ್ಯಾರ್ಥಿಗಳ ಪಟ್ಟಿ ತೆಗೆಯಿರಿ. ಐದು ವರ್ಷ ಹಿಂದೆ ಮುಗಿಸಿದವರು, ಅದೇ ವಿಭಾಗದವರು, ಯಾವುದೇ ಮೂವತ್ತು ಜನರನ್ನು ನೋಡಿ. ಗೋಡೆ ಮೇಲೆ ಫೋಟೋ ಹಾಕಿರುವವರನ್ನಲ್ಲ. ಅಲ್ಲಿ ಖಾತೆ ಇರುವವರು ಸ್ವಲ್ಪ ನೆಲೆ ನಿಂತವರೇ, ಅದು ನೆನಪಿರಲಿ. ಆದರೂ ಮೊದಲ ಕೆಲಸ ಏನು, ಈಗ ಎಲ್ಲಿದ್ದಾರೆ ಅನ್ನೋದರ ಒಂದು ಅಂದಾಜು ಸಿಗುತ್ತದೆ.

ಅಧ್ಯಾಪಕರು:

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ರ‍್ಯಾಂಕ್ ಅನ್ನೋದು ಏನನ್ನು ಅಳೆಯುತ್ತದೆ ಅಂತ ಯಾರೂ ನೋಡೋದೇ ಇಲ್ಲ. ಅಮೆರಿಕದ ಯು.ಎಸ್. ನ್ಯೂಸ್ ಪತ್ರಿಕೆ 1983ರಲ್ಲಿ ಮೊದಲ ಪಟ್ಟಿ ಮಾಡಿದಾಗ ಕಾಲೇಜು ಮುಖ್ಯಸ್ಥರನ್ನು ‘ಯಾವುದು ಒಳ್ಳೆಯದು’ ಅಂತ ಕೇಳಿ ಬರೆದುಕೊಂಡಿತ್ತು, ಅಷ್ಟೇ. ಅಂದರೆ ಹೆಸರಿನಿಂದ ರ‍್ಯಾಂಕ್ ಹುಟ್ಟಿತು. ಈಗಲೂ ಅದರ ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಶೇ. 20 ಅಂಕ ಬೇರೆ ಸಂಸ್ಥೆಗಳ ಮುಖ್ಯಸ್ಥರ ಅಭಿಪ್ರಾಯಕ್ಕೆ ಹೋಗುತ್ತದೆ. ಜಗತ್ತಿನ ವಿಶ್ವವಿದ್ಯಾಲಯಗಳಿಗೆ ರ‍್ಯಾಂಕ್ ಕೊಡುವ ಕ್ಯೂಎಸ್ ಪಟ್ಟಿಯಲ್ಲಿ ಪ್ರಾಧ್ಯಾಪಕರ ಅಭಿಪ್ರಾಯಕ್ಕೆ ಬಹಳ ಕಾಲ ಶೇ. 40 ಇತ್ತು, 2024ರ ಆವೃತ್ತಿಯಿಂದ ಶೇ. 30 ಆಗಿದೆ. ಅದರಲ್ಲೂ ಕೇಳೋದು ಸಂಶೋಧನೆಯಲ್ಲಿ ಯಾರು ಮುಂದೆ ಅಂತ. ಮೊದಲ ವರ್ಷದ ಹುಡುಗನಿಗೆ ಪ್ರೋಗ್ರಾಮಿಂಗ್ ಯಾರು ಚೆನ್ನಾಗಿ ಕಲಿಸುತ್ತಾರೆ ಅಂತಲ್ಲ.

ಇನ್ನೊಂದು ಘಟನೆ ನೋಡಿ, ನಿಮಗೆ ನೇರವಾಗಿ ಬೇಕಾದ್ದು. 2023ರಲ್ಲಿ ಯು.ಎಸ್. ನ್ಯೂಸ್ ತನ್ನ ಸೂತ್ರ ಬದಲಾಯಿಸಿತು. ತರಗತಿಯ ಗಾತ್ರ, ಹಳೆ ವಿದ್ಯಾರ್ಥಿಗಳು ಕೊಡುವ ದೇಣಿಗೆ ಇಂಥವನ್ನು ಕೈಬಿಟ್ಟಿತು. ಟ್ಯುಲೇನ್ ಅನ್ನುವ ಖಾಸಗಿ ವಿಶ್ವವಿದ್ಯಾಲಯ ಒಂದೇ ಏಟಿಗೆ 44ರಿಂದ 73ಕ್ಕೆ ಇಳಿಯಿತು. ವೇಕ್ ಫಾರೆಸ್ಟ್ 29ರಿಂದ 47ಕ್ಕೆ. ಅಲ್ಲಿನ ಮೇಷ್ಟ್ರು ಅವರೇ, ಲ್ಯಾಬ್ ಅದೇ, ತರಗತಿಯಲ್ಲಿ ಕೂರುವ ಮಕ್ಕಳೂ ಅವರೇ. ಬದಲಾಗಿದ್ದು ಲೆಕ್ಕ ಹಾಕುವವರ ಹಾಳೆ. ಪಟ್ಟಿಯ ನಡುವೆ ಇರುವವರಿಗೆ ಈ ಏರಿಳಿತ ಜಾಸ್ತಿ, ಯಾಕಂದರೆ ಅಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಂಕದ ಅಂತರ ಕೂದಲೆಳೆಯಷ್ಟು. ಹಾಗಾಗಿ ‘ಕಳೆದ ವರ್ಷಕ್ಕಿಂತ ಹನ್ನೆರಡು ಸ್ಥಾನ ಮೇಲೆ ಬಂದಿದ್ದೇವೆ’ ಅನ್ನೋ ಬ್ಯಾನರ್ ಕಂಡರೆ ನನಗೆ ನಗು ಬರುತ್ತದೆ.

ಪಟ್ಟಿಯ ತುದಿಯಲ್ಲಿರುವವರೂ ಏನು ಕಮ್ಮಿ ಇಲ್ಲ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ಅದೇ ಪಟ್ಟಿಯಲ್ಲಿ 2ನೇ ಸ್ಥಾನದಲ್ಲಿತ್ತು. ಅಲ್ಲಿನ ಗಣಿತ ಪ್ರಾಧ್ಯಾಪಕರೊಬ್ಬರೇ 2022ರಲ್ಲಿ ಸ್ವಂತ ಸಂಸ್ಥೆ ಕೊಟ್ಟ ಅಂಕಿ ಅಂಶ ಸರಿಯಿಲ್ಲ ಅಂತ ಬರೆದರು. ಅದೇ ವರ್ಷ ಅದು 18ಕ್ಕೆ ಬಂತು, ಕೆಲವು ಅಂಕಿಗಳು ತಪ್ಪಾಗಿದ್ದವು ಅಂತ ಸಂಸ್ಥೆಯೂ ಒಪ್ಪಿಕೊಂಡಿತು. ಅಂಕಿ ಕೊಡೋದು ಸಂಸ್ಥೆಯೇ ಅಲ್ವಾ?

ಹಾಗಾದರೆ ಏನು ನೋಡಬೇಕು? ವಿಭಾಗಕ್ಕೆ ಮಾನ್ಯತೆ ಇದೆಯಾ ಅಂತ ನೋಡಿ, ಇಡೀ ವಿಶ್ವವಿದ್ಯಾಲಯಕ್ಕೆ ಅಲ್ಲ. ಭಾರತದಲ್ಲಿ ಎನ್‌ಬಿಎ, ಅಮೆರಿಕದಲ್ಲಿ ಎಬಿಇಟಿ ಒಂದೊಂದು ಕೋರ್ಸಿಗೆ ಪ್ರತ್ಯೇಕವಾಗಿ ಮಾನ್ಯತೆ ಕೊಡುತ್ತವೆ. ಒಂದೇ ಕ್ಯಾಂಪಸ್‌ನಲ್ಲಿ ಸಿವಿಲ್‌ಗೆ ಇದ್ದು ನಿಮ್ಮ ಕೋರ್ಸಿಗೆ ಇಲ್ಲದಿರಬಹುದು. ಅವಧಿ ಮುಗಿದಿದೆಯಾ ಅಂತ ಮಾನ್ಯತೆ ಕೊಡುವವರ ಪಟ್ಟಿಯಲ್ಲೇ ನೋಡಿ, ಬ್ರೋಶರ್‌ನಲ್ಲಲ್ಲ.

ಎರಡನೇ ವರ್ಷದ ವಿದ್ಯಾರ್ಥಿನಿ:

ಅಕ್ಕ, ಭಾರತದ ವಿಶ್ವವಿದ್ಯಾಲಯ ಆದರೆ ಕೇಂದ್ರ ಸರ್ಕಾರದ ರ‍್ಯಾಂಕಿಂಗ್ ಆದ ಎನ್‌ಐಆರ್‌ಎಫ್‌ಗೆ ಅವರು ಕೊಟ್ಟ ಮಾಹಿತಿಯ ಪಿಡಿಎಫ್ ತೆಗೆಯಿರಿ. ರ‍್ಯಾಂಕ್ ಬಿಡಿ, ಆ ಪಿಡಿಎಫ್ ಮಾತ್ರ. ನಾನು ಸೇರುವ ಮುಂಚೆ ಒಂದು ರಾತ್ರಿ ಕೂತು ಮೂರು ಕಡೆಯದ್ದನ್ನು ಪಕ್ಕ ಪಕ್ಕ ಇಟ್ಟು ನೋಡಿದೆ. ಎಷ್ಟು ಜನ ಸೇರಿದರು, ಎಷ್ಟು ಜನ ಸರಿಯಾದ ಅವಧಿಯಲ್ಲಿ ಮುಗಿಸಿದರು, ಎಷ್ಟು ಜನರಿಗೆ ಕೆಲಸ, ಎಷ್ಟು ಜನ ಮುಂದೆ ಓದಲು ಹೋದರು, ಮೀಡಿಯನ್ ಸಂಬಳ ಎಷ್ಟು, ಎಲ್ಲ ಒಂದೇ ಸಾಲಿನಲ್ಲಿ ಇರುತ್ತದೆ. ಸೇರಿದವರ ಸಂಖ್ಯೆಗೂ ಅವಧಿಯೊಳಗೆ ಮುಗಿಸಿದವರ ಸಂಖ್ಯೆಗೂ ದೊಡ್ಡ ಕಂದಕ ಇದ್ದರೆ ಯಾಕೆ ಅಂತ ಕೇಳಿ. ಒಂದು ಕಡೆ ಕೇಳಿದಾಗ ಫೋನ್ ಎತ್ತಿದವರು "ನೀವು ಒಮ್ಮೆ ಕ್ಯಾಂಪಸ್ ನೋಡಲು ಬನ್ನಿ" ಅಂದರು. ನಾನು ಕೇಳಿದ್ದು ಅದಲ್ಲವಲ್ಲ!

ಒಂದು ಕೊರತೆ ಇದೆ. ಅದರಲ್ಲಿ ವಿಭಾಗವಾರು ಲೆಕ್ಕ ಇರೋದಿಲ್ಲ, ನಾಲ್ಕು ವರ್ಷದ ಕೋರ್ಸುಗಳೆಲ್ಲ ಒಟ್ಟಿಗೆ. ಅಮೆರಿಕದ್ದಾದರೆ ಅಲ್ಲಿನ ಸರ್ಕಾರದ ಕಾಲೇಜ್ ಸ್ಕೋರ್‌ಕಾರ್ಡ್‌ನಲ್ಲಿ ಎಷ್ಟೋ ಕೋರ್ಸುಗಳಿಗೆ ಬೇರೆ ಬೇರೆಯಾಗಿ ಮೀಡಿಯನ್ ಗಳಿಕೆ, ಸಾಲ ಸಿಗುತ್ತದೆ.

ಮತ್ತೆ, ಓಪನ್ ಡೇ ದಿನ ಹೋಗಬೇಡಿ, ಮಾಮೂಲಿ ದಿನ ಹೋಗಿ. ಮಧ್ಯಾಹ್ನ ಮೂರರ ಹೊತ್ತಿಗೆ ಲ್ಯಾಬ್ ಬಾಗಿಲಿಗೆ ಬೀಗ ಇದ್ದರೆ ಅಷ್ಟೇ ಸಾಕು. ನಾನು ಹೋದ ಒಂದು ಕಡೆ ಕಂಪ್ಯೂಟರ್‌ಗಳ ಮೇಲೆ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು. ಹೊಸದು ಅಂತ ಹೆಮ್ಮೆಯಿಂದ ತೋರಿಸಿದರು. ಕವರ್ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು.

ಒಬ್ಬ ತಂದೆ:

ಎಲ್ಲ ಓದಿದೆ. ಆದರೂ ಹೇಳುತ್ತೇನೆ, ಹೆಸರು ಬೇಕಮ್ಮ. ನನ್ನ ದೊಡ್ಡ ಮಗನನ್ನು ‘ಎಲ್ಲಿ ಓದಿದರೂ ಒಂದೇ’ ಅಂತ ಹತ್ತಿರದ ಕಾಲೇಜಿಗೆ ಹಾಕಿದೆ. ಬುದ್ಧಿವಂತನೇ, ಆದರೆ ದೊಡ್ಡ ಕಂಪನಿಗಳು ಅಲ್ಲಿಗೆ ಕಾಲಿಡಲೇ ಇಲ್ಲ. ಮೊದಲ ಕೆಲಸಕ್ಕೆ ಒಂದೂವರೆ ವರ್ಷ ಅಲೆದ. ಹೆಸರಿದ್ದ ಕಡೆ ಓದಿದ ಅವನ ಗೆಳೆಯನಿಗೆ ಕ್ಯಾಂಪಸ್‌ನಲ್ಲೇ ಸಿಕ್ಕಿತು. ಈಗ ಇಬ್ಬರೂ ಸಮಾನ ಇದ್ದಾರೆ, ಅದು ನಿಜ. ಆದರೆ ಆ ಒಂದೂವರೆ ವರ್ಷ ಮನೆಯಲ್ಲಿ ಹೇಗಿತ್ತು ಅಂತ ನನಗೆ ಗೊತ್ತು.

ಅಧ್ಯಾಪಕರು:

ಸರ್, ನೀವು ಹೇಳಿದ್ದರಲ್ಲಿ ಅರ್ಧದಷ್ಟು ಅಧ್ಯಯನದಲ್ಲೂ ಕಂಡಿದೆ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಅನ್ನುವ ಅರ್ಥಶಾಸ್ತ್ರಜ್ಞರು ಅಮೆರಿಕದಲ್ಲಿ 1976ರಲ್ಲಿ ಕಾಲೇಜು ಸೇರಿದವರ ಮುಂದಿನ ಗಳಿಕೆ ನೋಡಿ 2002ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸೀಟು ಸಿಗುವುದೇ ಕಷ್ಟವಾದ ಕಾಲೇಜುಗಳಿಗೆ ಒಂದೇ ರೀತಿ ಅರ್ಜಿ ಹಾಕಿ ಆಯ್ಕೆಯಾದವರನ್ನು ಹೋಲಿಸಿದರೆ, ಅಲ್ಲಿಗೇ ಹೋದವರಿಗೂ ಬೇರೆ ಕಡೆ ಹೋದವರಿಗೂ ಗಳಿಕೆಯಲ್ಲಿ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಆದರೆ ಬಡ ಕುಟುಂಬದ ಮಕ್ಕಳಿಗೆ ವ್ಯತ್ಯಾಸ ಇತ್ತು. ಅವರದೇ ಮುಂದಿನ ಅಧ್ಯಯನದಲ್ಲಿ ತಂದೆ ತಾಯಿ ಕಡಿಮೆ ಓದಿದವರಾದರೂ ಹಾಗೇ ಕಂಡಿತು. ಮನೆಯಲ್ಲಿ ಪರಿಚಯದ ಬಲ ಇಲ್ಲದವರಿಗೆ ಕಾಲೇಜೇ ಆ ಬಲ ಕೊಡುತ್ತದೆ ಅಂತ ನನ್ನ ಊಹೆ. ಮೇಡಂ ಮನೆಯ ಪರಿಸ್ಥಿತಿ ಹಾಗೇ ಇರೋದರಿಂದ ಇದನ್ನು ಹೇಳಲೇಬೇಕಾಯಿತು, ನನ್ನ ವಾದಕ್ಕೆ ತಿರುಗಿ ಬಿದ್ದರೂ. ಆದರೆ ಅದು ತುದಿಯ ಕಾಲೇಜುಗಳ ಕಥೆ. 60ಕ್ಕೂ 110ಕ್ಕೂ ಅಂಥ ವ್ಯತ್ಯಾಸ ಅಂತ ತೋರಿಸಿದ್ದನ್ನು ನಾನು ನೋಡಿಲ್ಲ.

ಒಬ್ಬ ತಂದೆ:

ಹಾಗಾದರೆ ಕ್ಯಾಂಪಸ್‌ಗೆ ಯಾವ ಕಂಪನಿ ಬರುತ್ತದೆ ಅನ್ನೋದನ್ನಾದರೂ ಕೇಳಲಿ. ‘ಬಂದಿದ್ದರು’ ಅಂದರೆ ಆಗಲ್ಲ. ಹೋದ ವರ್ಷ ಬಂದು ಎಷ್ಟು ಜನರನ್ನು ತೆಗೆದುಕೊಂಡರು ಅಂತ ಕೇಳಲಿ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಹತ್ತು ದಿನದಲ್ಲಿ ಆಗಿದ್ದು ಹೇಳುತ್ತೇನೆ. ಪಿಡಿಎಫ್ ತೆಗೆದೆ. ಮೀಡಿಯನ್ ಸಂಬಳ ಬ್ರೋಶರ್‌ನ ಸರಾಸರಿಗಿಂತ ತುಂಬಾ ಕಡಿಮೆ, ಆದರೆ ಚಿಕ್ಕ ಕಾಲೇಜಿನದ್ದಕ್ಕಿಂತ ಸ್ವಲ್ಪ ಜಾಸ್ತಿ. ಅಧ್ಯಾಪಕರ ಪಟ್ಟಿಯಲ್ಲಿ ಸೇರಿದ ದಿನಾಂಕವೂ ಇದೆ ಅಂತ ಯಾರೂ ಹೇಳಿರಲಿಲ್ಲ! ಕಂಪ್ಯೂಟರ್ ಸೈನ್ಸ್ ಮೇಷ್ಟ್ರುಗಳನ್ನು ವಿಭಾಗದ ಪುಟದಿಂದ ಹುಡುಕಿ ಗುರುತು ಹಾಕಿದೆ. ಅರ್ಧದಷ್ಟು ಜನ ಬಂದು ಎರಡು ವರ್ಷವೂ ಆಗಿಲ್ಲ.

ತಮ್ಮ ತಾನೇ ಎಂಟು ಸೀನಿಯರ್‌ಗಳಿಗೆ ಮೆಸೇಜ್ ಮಾಡಿದ. ಐವರು ಉತ್ತರ ಕೊಟ್ಟರು. ನಾಲ್ವರು ಹೇಳಿದ್ದು ಒಂದೇ: ಮೊದಲ ಎರಡು ವರ್ಷ ನೀನೇ ಕಲಿಯಬೇಕು, ಮೂರನೇ ವರ್ಷದಿಂದ ಲ್ಯಾಬ್ ಚೆನ್ನಾಗಿದೆ, ಕಂಪನಿಗಳು ಬರುತ್ತವೆ. ಚಿಕ್ಕ ಕಾಲೇಜಿಗೆ ಹೋದ ವರ್ಷ ಬಂದಿದ್ದು ಎರಡೇ ಕಂಪನಿ. ಒಂದು ಯಾರನ್ನೂ ತೆಗೆದುಕೊಳ್ಳಲಿಲ್ಲವಂತೆ.

ಸಾಲದ ಲೆಕ್ಕ ಆ ಮೀಡಿಯನ್ ಸಂಬಳದ ಮೇಲೆ ಹಾಕಿದೆವು, ಬ್ರೋಶರ್‌ನ ಸಂಬಳದ ಮೇಲಲ್ಲ. ಕಷ್ಟ ಆಗುತ್ತದೆ, ಆದರೆ ಮುಳುಗಿಸೋದಿಲ್ಲ. ನಾಡಿದ್ದು ಶುಲ್ಕ ಕಟ್ಟುತ್ತಿದ್ದೇವೆ. ಕೋರ್ಸಿನ ಮಾನ್ಯತೆ ಬರುವ ವರ್ಷ ಮುಗಿಯುತ್ತದೆ ಅಂತ ಕಂಡಿದೆ. ನವೀಕರಣಕ್ಕೆ ಅರ್ಜಿ ಹಾಕಿದ್ದೀರಾ ಅಂತ ಇಮೇಲ್ ಮಾಡಿದ್ದೇನೆ, ಉತ್ತರ ಇನ್ನೂ ಬಂದಿಲ್ಲ. ನಾಳೆ ಬೆಳಿಗ್ಗೆ ಫೋನ್ ಮಾಡುತ್ತೇನೆ. "ಕ್ಯಾಂಪಸ್ ನೋಡಲು ಬನ್ನಿ" ಅಂದರೆ ಏನು ಹೇಳಬೇಕು ಅಂತ ತಮ್ಮ ಈಗಲೇ ಕೇಳುತ್ತಿದ್ದಾನೆ.