ಟ್ರೋಪೋನಿನ್ ಏರಿದೆ, ಮಿರ್-499 ಮಾತ್ರ ಪತ್ತೆಯಿಲ್ಲ

ಹೃತ್ಕೋಶ:
ಹೃದಯಾಘಾತದ ರೋಗಿಗಳ ಪ್ಲಾಸ್ಮಾದಲ್ಲಿ ಮಿರ್-499 ಮತ್ತು ಮಿರ್-208ಎ ಅಳೆಯುತ್ತಿದ್ದೇನೆ. ಹೃದಯದ ಸ್ನಾಯುಕೋಶಗಳು ಸತ್ತಾಗ ಈ ಎರಡೂ ಮೈಕ್ರೋಆರ್‌ಎನ್‌ಎಗಳು (ಪುಟ್ಟ ಆರ್‌ಎನ್‌ಎ ತುಣುಕುಗಳು) ರಕ್ತಕ್ಕೆ ಸೋರಬೇಕು. ಆದರೆ ಹೃದಯಸ್ನಾಯುವಿನ ಹಾನಿ ತೋರಿಸುವ ಪ್ರೋಟೀನ್ ಟ್ರೋಪೋನಿನ್ ವಿಪರೀತ ಏರಿರುವ ರೋಗಿಗಳಲ್ಲೇ ಇವುಗಳ ಸುಳಿವಿಲ್ಲ. ಇನ್ನೂ ವಿಚಿತ್ರವೆಂದರೆ, ವಿಧಾನ ಸರಿಯಿದೆಯೇ ಎಂದು ನೋಡಲು ನಾನೇ ಅಳತೆ ಮಾಡಿ ಸೇರಿಸುವ ಹುಳುವಿನ ಆರ್‌ಎನ್‌ಎ, ಅಂದರೆ ಸೆಲ್-ಮಿರ್-39, ಆರೋಗ್ಯವಂತರ ಮಾದರಿಗಳಲ್ಲಿ 20ರ ಆಸುಪಾಸಿನ ಸಿಟಿ (ಪಿಸಿಆರ್‌ನಲ್ಲಿ ಸಂಕೇತ ಕಾಣಿಸಿಕೊಳ್ಳುವ ಸುತ್ತಿನ ಸಂಖ್ಯೆ, ಹೆಚ್ಚಿದಷ್ಟೂ ಆರ್‌ಎನ್‌ಎ ಕಡಿಮೆ) ಕೊಡುತ್ತದೆ. ರೋಗಿಗಳಲ್ಲಿ 26, 28, ಕೆಲವರಲ್ಲಿ ಬರುವುದೇ ಇಲ್ಲ. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಕೊಳವೆಯಲ್ಲಿ ಬರುತ್ತದೆ. ಮಿರ್-16 ಎಂಬ ಇನ್ನೊಂದು ಮೈಕ್ರೋಆರ್‌ಎನ್‌ಎಗೆ ಹೋಲಿಸಿ ಲೆಕ್ಕ ಹಾಕುತ್ತೇನೆ. ಆರ್‌ಎನ್‌ಎ ಶುದ್ಧೀಕರಿಸುವ ಕಿಟ್ ಬದಲಿಸಿಯೂ ಪ್ರಯೋಜನವಾಗಲಿಲ್ಲ.

ಪಿಪೆಟ್‌ಪ್ರಿಯ:
ಹುಳುವಿನ ಆರ್‌ಎನ್‌ಎಯನ್ನು ಪ್ಲಾಸ್ಮಾಕ್ಕೆ ನೇರವಾಗಿ ಹಾಕುತ್ತಿದ್ದೀರಾ? ಹಾಗಿದ್ದರೆ ಪ್ಲಾಸ್ಮಾದಲ್ಲಿರುವ ಆರ್‌ಎನ್‌ಏಸ್ ಎಂಬ ಕಿಣ್ವ ಅದನ್ನು ಕ್ಷಣಮಾತ್ರದಲ್ಲಿ ನುಂಗಿಬಿಡುತ್ತದೆ. ಆ ಕಿಣ್ವವನ್ನು ನಿಷ್ಕ್ರಿಯಗೊಳಿಸುವ ಲೈಸಿಸ್ ದ್ರಾವಣ ಬೆರೆಸಿದ ಮೇಲೆಯೇ ಸೇರಿಸಬೇಕು.

ಹೃತ್ಕೋಶ:
ಲೈಸಿಸ್ ಆದ ಮೇಲೆಯೇ ಸೇರಿಸುತ್ತೇನೆ, ಎಲ್ಲ ಮಾದರಿಗೂ ಒಂದೇ ರೀತಿ.

ರಕ್ತನಾಳ:
ಹಾಗಾದರೆ ಒಂದು ಪ್ರಶ್ನೆ. ರೋಗಿಗಳ ರಕ್ತ ತೆಗೆದದ್ದು ಯಾವಾಗ, ಎಲ್ಲಿಂದ?

ಹೃತ್ಕೋಶ:
ಆಂಜಿಯೋಗ್ರಾಂ ಕೊಠಡಿಯಲ್ಲಿ, ಅಪಧಮನಿಗೆ ಹಾಕಿದ ಶೀತ್ ಎಂಬ ತೆಳು ನಳಿಕೆಯಿಂದ. ಬೇರೆ ಸೂಜಿ ಚುಚ್ಚುವುದು ಬೇಡವೆಂದು ಹಾಗೆ ಮಾಡಿದರು. ಕೆಲವರದು ಮಾತ್ರ ತುರ್ತು ವಿಭಾಗದಲ್ಲೇ ತೆಗೆದದ್ದು.

ರಕ್ತನಾಳ:
ಕಳ್ಳ ಅಲ್ಲೇ ಇದ್ದಾನೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಹೆಪಾರಿನ್. ಕೊಳವೆ ಇಡಿಟಿಎ ಆದರೇನು, ಕೊಳವೆಗೆ ಬೀಳುವ ಮೊದಲೇ ರಕ್ತದಲ್ಲಿ ಹೆಪಾರಿನ್ ಸೇರಿದೆ. ಆಂಜಿಯೋಗ್ರಾಂಗೆ ಮುನ್ನ ಅದನ್ನು ಕೊಡುವುದು ವಾಡಿಕೆ. ಶೀತ್ ತೊಳೆಯುವ ಸಲೈನ್‌ನಲ್ಲೂ ಅದು ಇರುವುದುಂಟು. ಆರ್‌ಎನ್‌ಎಯಂತೆಯೇ ಇದಕ್ಕೂ ದಟ್ಟ ಋಣ ವಿದ್ಯುದಂಶ ಇರುವುದರಿಂದ ಶುದ್ಧೀಕರಣದ ಉದ್ದಕ್ಕೂ ಆರ್‌ಎನ್‌ಎಯ ಬೆನ್ನು ಬಿಡುವುದಿಲ್ಲ. ಕೊನೆಗೆ ಆರ್‌ಎನ್‌ಎಯನ್ನು ಡಿಎನ್‌ಎಯಾಗಿಸುವ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸನ್ನೂ ಆ ಡಿಎನ್‌ಎಯನ್ನು ನಕಲು ಮಾಡುವ ಪಾಲಿಮರೇಸನ್ನೂ ತಡೆಯುತ್ತದೆ. ಕಿಟ್ ಬದಲಿಸಿದರೂ ಫಲ ಅದೇ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಖಚಿತಪಡಿಸಿಕೊಳ್ಳಲು ರೋಗಿಯ ಆರ್‌ಎನ್‌ಎಯನ್ನು 10 ಪಟ್ಟು ತೆಳು ಮಾಡಿ ಮತ್ತೆ ಓಡಿಸಿ. ಪ್ರತಿಬಂಧಕ ಇಲ್ಲದಿದ್ದರೆ ಸಿಟಿ ಸುಮಾರು 3.3 ಹೆಚ್ಚಬೇಕು. ಬದಲಿಗೆ ಇಳಿದರೆ ಅನುಮಾನವೇ ಬೇಡ. ಹೌದೆಂದಾದರೆ ರಿವರ್ಸ್ ಟ್ರಾನ್ಸ್‌ಕ್ರಿಪ್ಷನ್‌ಗೆ ಮೊದಲು ಹೆಪಾರಿನ್ ಒಡೆಯುವ ಕಿಣ್ವ ಹೆಪಾರಿನೇಸ್-1 ಕೊಡಿ, ಜೊತೆಗೆ ಆರ್‌ಎನ್‌ಏಸ್ ಪ್ರತಿಬಂಧಕ ಇರಲಿ. ಸೆಲ್-ಮಿರ್-39ರಿಂದ ಭಾಗಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ದಯವಿಟ್ಟು ನಂಬಬೇಡಿ. ಹೆಪಾರಿನ್ ಎಲ್ಲ ಮೈಕ್ರೋಆರ್‌ಎನ್‌ಎಗಳನ್ನೂ ಸಮನಾಗಿ ಕಾಡುವುದಿಲ್ಲ.

ಪಿಪೆಟ್‌ಪ್ರಿಯ:
ಮಿರ್-16ರ ಬಗ್ಗೆ ನನ್ನ ತಕರಾರಿದೆ. ಅದು ಕೆಂಪು ರಕ್ತಕಣಗಳಲ್ಲಿ ತುಂಬಿ ತುಳುಕುತ್ತಿರುತ್ತದೆ. ರಕ್ತ ತೆಗೆಯುವಾಗ ಕಣಗಳು ಒಡೆದರೆ ಮಿರ್-16 ಏರಿ, ಅದಕ್ಕೆ ಹೋಲಿಸಿದ ಉಳಿದವೆಲ್ಲ ಇಳಿದಂತೆ ತೋರುತ್ತವೆ. ಪ್ಲಾಸ್ಮಾ ಗುಲಾಬಿ ಬಣ್ಣಕ್ಕೆ ತಿರುಗುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ, ಕಣ್ಣನ್ನು ನಂಬಿ ಕೂರಬೇಡಿ. 414 ನ್ಯಾನೋಮೀಟರ್‌ನಲ್ಲಿ ಹಿಮೋಗ್ಲೋಬಿನ್‌ನ ಬೆಳಕಿನ ಹೀರಿಕೆ ನೋಡಿ. ಮಿರ್-23ಎ ಸಿಟಿಯಿಂದ ಮಿರ್-451ಎ ಸಿಟಿಯನ್ನು ಕಳೆಯಿರಿ. 451ಎ ಕೆಂಪು ಕಣಗಳದ್ದು, 23ಎ ಹೆಚ್ಚು ಕದಲುವುದಿಲ್ಲ. ವ್ಯತ್ಯಾಸ 7 ದಾಟಿದ ಮಾದರಿಯನ್ನು ನಾನು ಬದಿಗಿಡುತ್ತೇನೆ.

ಹೃತ್ಕೋಶ:
ತೆಳು ಮಾಡಿದಾಗ 28 ಇದ್ದದ್ದು 24ಕ್ಕೆ ಇಳಿಯಿತು! ಹೆಪಾರಿನೇಸ್ ಕೊಟ್ಟ ಮೇಲೆ ಸೆಲ್-ಮಿರ್-39 ಎಲ್ಲರಲ್ಲೂ 20-21ರಲ್ಲಿದೆ, ಮಿರ್-499 ರೋಗಿಗಳಲ್ಲಿ ಸ್ಪಷ್ಟವಾಗಿ ಕಾಣುತ್ತಿದೆ. ಮಿರ್-208ಎ ಮಾತ್ರ ಇನ್ನೂ ಕೆಲವರಲ್ಲಿ ಇಲ್ಲ. ಕೆಂಪು ಕಣ ಒಡೆದ ಕೆಲವು ಮಾದರಿಗಳನ್ನು ಕೈಬಿಟ್ಟೆ.

ರಕ್ತನಾಳ:
208ಎ ಪ್ಲಾಸ್ಮಾದಲ್ಲಿ ಇರುವುದೇ ಅತ್ಯಲ್ಪ. ಬಹಳ ಕಡೆ ಹೀಗೇ ಆಗುತ್ತದೆ. ಕಾಣದ ಕಡೆ ಸಿಟಿ 40 (ಕೊನೆಯ ಸುತ್ತು) ಎಂದು ತುಂಬಿಸಿ ಸರಾಸರಿ ತೆಗೆಯಬೇಡಿ, ಪತ್ತೆಯಾಗಿಲ್ಲ ಎಂದೇ ಬರೆಯಿರಿ. ಹೆಪಾರಿನೇಸ್ ರೋಗಿಗಳ ಮಾದರಿಗಳಿಗೆ ಮಾತ್ರ ಕೊಟ್ಟಿದ್ದರೆ, ಆರೋಗ್ಯವಂತರ ಮಾದರಿಗಳಿಗೂ ಕೊಟ್ಟು ಎಲ್ಲವನ್ನೂ ಒಂದೇ ಪ್ಲೇಟಿನಲ್ಲಿ ಮತ್ತೆ ಓಡಿಸಿ. ತುರ್ತು ವಿಭಾಗದಲ್ಲಿ ಹೆಪಾರಿನ್‌ಗೆ ಮೊದಲೇ ತೆಗೆದ ಮಾದರಿಗಳಿದ್ದರೆ ಅವನ್ನು ಪ್ರತ್ಯೇಕವಾಗಿ ನೋಡಿ. ಮಿರ್-499 ಅಲ್ಲೂ ಏರಿದ್ದರೆ ಏರಿಕೆ ಹೆಪಾರಿನೇಸ್‌ನಿಂದ ಬಂದದ್ದಲ್ಲವೇ ಎಂಬ ವಿಮರ್ಶಕರ ಮೊದಲ ಆಕ್ಷೇಪಕ್ಕೆ ಉತ್ತರ ಸಿದ್ಧವಿರುತ್ತದೆ.

ಹೃತ್ಕೋಶ:
ರೋಗಿಗಳಿಗೆ ಮಾತ್ರ ಕೊಟ್ಟಿದ್ದೆ. ನಾಳೆ ಎಲ್ಲವನ್ನೂ ಒಟ್ಟಿಗೆ ಹಾಕುತ್ತೇನೆ.